ಕೀಬೋರ್ಡ್ ಕೆಟ್ಟಿರಲಿಲ್ಲ, ಚಾನೆಲ್ ತಪ್ಪಿತ್ತು

ಇವತ್ತು ನನ್ನದೇ ಒಂದು ದಡ್ಡತನದ ಕಥೆಯಿಂದ ಶುರು ಮಾಡ್ತೀನಿ.

ಎರಡು ವರ್ಷದ ಹಿಂದೆ ಈ ಪಾಡ್‌ಕಾಸ್ಟ್‌ನ ಸಿಗ್ನೇಚರ್ ಟ್ಯೂನ್ ನಾನೇ ಮಾಡ್ಬೇಕು ಅಂತ 4,500 ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ಮಿಡಿ ಕೀಬೋರ್ಡ್ ತಗೊಂಡೆ. ಸ್ನೇಹಿತ ಕೊಟ್ಟಿದ್ದ ಒಂದು ಪ್ರಾಜೆಕ್ಟ್ ಫೈಲ್ ತೆರೆದು ನುಡಿಸಿದೆ. ಕೀ ಒತ್ತಿದ್ರೆ ಸಾಫ್ಟ್‌ವೇರ್‌ನ ಮೂಲೇಲಿ ಪುಟ್ಟ ದೀಪ ಮಿಣುಕುತ್ತೆ, ಆದ್ರೆ ಸದ್ದೇ ಇಲ್ಲ. ಕೇಬಲ್ ಬದಲಾಯಿಸ್ದೆ, ಡ್ರೈವರ್ ಮತ್ತೆ ಹಾಕ್ದೆ, ಎರಡು ರಾತ್ರಿ ಹಾಳು. ಕೊನೆಗೆ ಕೆಟ್ಟಿದೆ ಅಂತ ಹೇಳಿಯೇ 1,500ಕ್ಕೆ ಮಾರಿಬಿಟ್ಟೆ. ತಗೊಂಡ ಹುಡುಗ ಅವತ್ತು ಸಂಜೇನೇ ಮೆಸೇಜ್ ಮಾಡಿದ: ‘ಅಣ್ಣಾ, ಚೆನ್ನಾಗೇ ಇದೆ. ಚಾನೆಲ್ 4ರಲ್ಲಿ ಕಳಿಸ್ತಿತ್ತು, ಅಷ್ಟೇ.’

ನನ್ನ ಟ್ರ್ಯಾಕ್ ಚಾನೆಲ್ 1ನ್ನು ಮಾತ್ರ ಕೇಳ್ತಿತ್ತು.

ಮೊದಲು ಒಂದು ವಿಷಯ. ಮಿಡಿ ಅಂದ್ರೆ ಸದ್ದಲ್ಲ, ಚೀಟಿ. ಕೀ ಒತ್ತಿದಾಗ ಮೂರು ಬೈಟ್‌ಗಳ ಒಂದು ಚೀಟಿ ಹೊರಡುತ್ತೆ. ಎರಡನೇ ಬೈಟ್‌ನಲ್ಲಿ ಯಾವ ಸ್ವರ, ಮೂರನೇದ್ರಲ್ಲಿ ಎಷ್ಟು ಜೋರು. ಮೊದಲ ಬೈಟ್‌ನಲ್ಲಿ ಅರ್ಧ ಜಾಗ ‘ಸ್ವರ ಶುರು ಮಾಡು’ ಅನ್ನೋ ಆಜ್ಞೆಗೆ, ಇನ್ನರ್ಧ ಚಾನೆಲ್ ನಂಬರಿಗೆ. ಆ ಅರ್ಧ ಅಂದ್ರೆ ನಾಲ್ಕೇ ಬಿಟ್. ನಾಲ್ಕು ಬಿಟ್‌ನಲ್ಲಿ 16ಕ್ಕಿಂತ ಜಾಸ್ತಿ ನಂಬರ್ ಹಿಡಿಯಲ್ಲ, ಅದಕ್ಕೇ ಚಾನೆಲ್ 16.

ಇನ್ನು ಪೋರ್ಟ್. ಇದು ಚೀಟೀಲಿ ಎಲ್ಲೂ ಬರೆದಿರಲ್ಲ! ಚೀಟಿ ಯಾವ ಬಾಗಿಲಿಂದ ಬಂತು ಅನ್ನೋದೇ ಪೋರ್ಟ್. ಅಪಾರ್ಟ್‌ಮೆಂಟ್ ಅಂದ್ಕೊಳ್ಳಿ: ಪೋರ್ಟ್ ಅಂದ್ರೆ ಬಿಲ್ಡಿಂಗ್, ಚಾನೆಲ್ ಅಂದ್ರೆ ಒಳಗಿನ 16 ಮನೆ. ಪಕ್ಕದ ಬಿಲ್ಡಿಂಗ್‌ನಲ್ಲೂ ಒಂದನೇ ನಂಬರ್ ಮನೆ ಇರುತ್ತೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೀಬೋರ್ಡ್ ಒಂದು, ಡ್ರಮ್ ಪ್ಯಾಡ್ ಒಂದು ಯುಎಸ್‌ಬಿಯಲ್ಲಿ ಹಾಕಿದ್ರೆ ಎರಡೂ ಚಾನೆಲ್ 1ರಲ್ಲೇ ಇದ್ರೂ ಜಗಳ ಇಲ್ಲ. ಆದ್ರೆ ಟ್ರ್ಯಾಕ್‌ನ ಇನ್‌ಪುಟ್ ‘ಎಲ್ಲಾ ಪೋರ್ಟ್’ ಅಂತಿದ್ರೆ ಡ್ರಮ್ ಹೊಡೆದಾಗ ಪಿಯಾನೋನೂ ಕೂಗುತ್ತೆ.

ಎರಡೆರಡು ವಿಳಾಸ ಯಾಕಪ್ಪಾ ಅಂದ್ರೆ, 1983ರಲ್ಲಿ ಮಿಡಿ ಬಂದಾಗ ಕಂಪ್ಯೂಟರ್‌ಗಿಂತ ವಾದ್ಯಗಳನ್ನೇ ಒಂದಕ್ಕೊಂದು ಜೋಡಿಸೋದು ಮುಖ್ಯ ಆಗಿತ್ತು. ಆ ವರ್ಷ ಜನವರಿಯ ನ್ಯಾಮ್ ಪ್ರದರ್ಶನದಲ್ಲಿ ಪ್ರಾಫೆಟ್-600 ಮತ್ತು ರೋಲ್ಯಾಂಡ್ ಜುಪಿಟರ್-6 ಅನ್ನೋ ಬೇರೆ ಬೇರೆ ಕಂಪನಿಗಳ ಸಿಂಥಸೈಜರ್‌ಗಳನ್ನ ಕೇಬಲ್‌ನಲ್ಲಿ ಜೋಡಿಸಿ ತೋರಿಸಿದ್ರು. ಸಾಲಾಗಿ ಜೋಡಿಸಿದ ವಾದ್ಯಗಳಿಗೆಲ್ಲಾ ಎಲ್ಲಾ ಚೀಟಿನೂ ಹೋಗುತ್ತೆ, ತನ್ನ ಚಾನೆಲ್‌ನದ್ದನ್ನ ಮಾತ್ರ ಪ್ರತಿ ವಾದ್ಯ ಓದುತ್ತೆ. ಹಳೇ ಐದು ಪಿನ್ ಕೇಬಲ್‌ನ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರಕ್ಕೆ ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡ್. 16 ವಾದ್ಯ ಒಟ್ಟಿಗೆ ನುಡಿದ್ರೆ ಕೊನೆಯದ್ದು ಕ್ಯೂನಲ್ಲಿ ನಿಂತು ಹಿಂದೆ ಬೀಳುತ್ತೆ. ಅದಕ್ಕೇ ಜಾಸ್ತಿ ಪೋರ್ಟ್ ಇರೋ ಇಂಟರ್‌ಫೇಸ್‌ಗಳು ಬಂದವು.

ನಮ್ಮ ಸಂಗೀತ ನುಡಿಸೋರು ಇಲ್ಲಿ ಸ್ವಲ್ಪ ಕಿವಿ ಕೊಡಿ. ಗಮಕಕ್ಕೆ ಬಳಸ್ತೀವಲ್ಲ, ಪಿಚ್ ಬೆಂಡ್ ಚಕ್ರ, ಅದರ ಚೀಟೀಲಿ ಯಾವ ಸ್ವರ ಅಂತ ಇರಲ್ಲ, ಚಾನೆಲ್ ಮಾತ್ರ ಇರುತ್ತೆ. ಅಂದ್ರೆ ಆ ಚಾನೆಲ್‌ನಲ್ಲಿ ನುಡೀತಿರೋ ಎಲ್ಲಾ ಸ್ವರಾನೂ ಜಾರುತ್ತೆ. ಎಡಗೈಲಿ ಸ-ಪ ಶ್ರುತಿ ಹಿಡಿದು ಬಲಗೈಲಿ ಗಾಂಧಾರಕ್ಕೆ ಗಮಕ ಕೊಟ್ರೆ ಶ್ರುತಿನೂ ತೂಗಾಡುತ್ತೆ, ಕೇಳೋಕೆ ತಲೆ ತಿರುಗುತ್ತೆ. ಶ್ರುತೀನ ಬೇರೆ ಚಾನೆಲ್‌ಗೆ ಅಥವಾ ಬೇರೆ ಟ್ರ್ಯಾಕ್‌ಗೆ ಹಾಕಿ. ಎಂಪಿಇ ಅಂತ ಬರೆದಿರೋ ಹೊಸ ಕೀಬೋರ್ಡ್‌ಗಳು ಇದೇ ಕಾರಣಕ್ಕೆ ಒತ್ತಿದ ಒಂದೊಂದು ಸ್ವರಕ್ಕೂ ಒಂದೊಂದು ಚಾನೆಲ್ ಕೊಡ್ತವೆ.

ನಾನು ಬಿ.ಕಾಂ. ಒಬ್ಬ ಗಿರಾಕಿಯ ಹಣ ಇನ್ನೊಬ್ಬ ಗಿರಾಕಿಯ ಖಾತೆಗೆ ಬರೆದ್ರೂ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗುತ್ತೆ ಅಂತ ಕಾಲೇಜಲ್ಲಿ ಓದಿದ್ದೆ. ಇಲ್ಲೂ ಹಾಗೇ. ಎರರ್ ಮೆಸೇಜ್ ಬರಲ್ಲ. ದೀಪ ಮಿಣುಕಿತು ಅಂದ್ರೆ ಚೀಟಿ ಬಿಲ್ಡಿಂಗ್ ತನಕ ಬಂದಿದೆ, ಮನೆ ತಪ್ಪಿದೆ ಅಂತ. ಟ್ರ್ಯಾಕ್‌ನ ಚಾನೆಲ್ ನೋಡಿ, ಒಬ್ಬರೇ ನುಡಿಸ್ತಿದ್ರೆ ‘ಎಲ್ಲಾ ಚಾನೆಲ್’ ಅಂತ ಇಡಿ. ದೀಪವೇ ಇಲ್ವಾ? ಕೇಬಲ್, ಪೋರ್ಟ್ ನೋಡಿ. ವಿಂಡೋಸ್‌ನಲ್ಲಾದ್ರೆ ಬೇರೆ ಆ್ಯಪ್ ಆ ಪೋರ್ಟನ್ನ ಹಿಡಿದು ಕೂತಿರಬಹುದು, ಮುಚ್ಚಿ. ಪಿಯಾನೋ ನುಡಿಸಿದ್ರೆ ಡೋಲು ಕೇಳ್ತಿದ್ಯಾ? ಚಾನೆಲ್ 10ರಲ್ಲಿದ್ದೀರಿ. 1991ರ ಜನರಲ್ ಮಿಡಿ ನಿಯಮದಲ್ಲಿ ಅದು ತಾಳವಾದ್ಯಕ್ಕೇ ಮೀಸಲು.

ಆ ಹುಡುಗನ ಹತ್ರ ಕೀಬೋರ್ಡ್ ವಾಪಸ್ ಕೇಳಿದೆ. ‘4,000 ಕೊಡಿ’ ಅಂದ. ಕೊಟ್ಟೆ. ಈಗ ನೀವು ಕೇಳೋ ಟ್ಯೂನ್ ಅದರಲ್ಲೇ ನುಡಿಸಿದ್ದು, ಇವತ್ತಿಗೂ ಚಾನೆಲ್ 4ರಲ್ಲೇ ಇದೆ.