ದಂಡವೋ, ಬಡ್ಡಿಯೋ: ತಪ್ಪಿದ ಹಪ್ತೆಯ ಲೆಕ್ಕ ಓದುವ ಬಗೆ

ಸಾಹಿತ್ಯದ ವಿದ್ಯಾರ್ಥಿಗೆ ಬ್ಯಾಂಕಿನ ಕಾಗದದಾಗ ಏನು ಕೆಲಸ ಅಂತ ನೀವು ಕೇಳಬಹುದು. ನಮ್ಮ ಶಿರೋಳ ಕಡೆ ಮನೆಸಾಲದ ಕರಾರು ಇಂಗ್ಲಿಷಿನಲ್ಲಿರುತ್ತದೆ, ನೋಟಿಸು ಮರಾಠಿಯಲ್ಲಿ ಬರುತ್ತದೆ, ಅದರ ಮೇಲಿನ ಜಗಳ ಮಾತ್ರ ಮನೆಯೊಳಗೆ ಕನ್ನಡದಲ್ಲಿ ನಡೆಯುತ್ತದೆ. ಕಬ್ಬಿನ ಬಿಲ್ಲು ಹಂಗಾಮಿಗೆ ಬರ್ತದ, ಹಪ್ತೆ ಮಾತ್ರ ತಿಂಗಳಾ ತಿಂಗಳಾ. ಹೀಗಾಗಿ ಥಕಬಾಕಿ ಇಲ್ಲಿ ಅಪರೂಪದ ಮಾತಲ್ಲ.

ನೋಟಿಸಿನಲ್ಲಿರುವ ಪದ 'ದಂಡವ್ಯಾಜ'. ಮರಾಠಿಯಲ್ಲಿ ವ್ಯಾಜ ಅಂದ್ರ ಬಡ್ಡಿ. ಕನ್ನಡದಲ್ಲಿ ವ್ಯಾಜ ಎಂದರೆ ನೆಪ; ವ್ಯಾಜಸ್ತುತಿ ಓದಿದವರಿಗೆ ಗೊತ್ತೇ ಇದೆ. ಇನ್ನೊಂದು ಯಕಾರ ಕೂಡಿದರೆ ವ್ಯಾಜ್ಯ, ಅಂದರೆ ಕೋರ್ಟಿನ ಜಗಳ! ನಮ್ಮ 'ಬಡ್ಡಿ' ವೃದ್ಧಿಯ ತದ್ಭವ, ಬೆಳೆಯುವುದೇ ಅದರ ಸ್ವಭಾವ. ದಂಡ ಹಾಗಲ್ಲ, ಒಮ್ಮೆ ಕಟ್ಟಿದರೆ ಮುಗಿಯಬೇಕು. ಎರಡನ್ನೂ ಒಂದೇ ಪದದಲ್ಲಿ ಹೊಲಿದರೆ ದಂಡವೂ ಬೆಳೆಯತೊಡಗುತ್ತದೆ.

ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ಬಿಚ್ಚಿದ್ದು ಈ ಹೊಲಿಗೆಯನ್ನೇ. ಹಪ್ತೆ ತಪ್ಪಿದರೆ 'ದಂಡಶುಲ್ಕ' ಹಾಕಬಹುದು; ಬಡ್ಡಿದರದ ಮೇಲೆ 'ದಂಡಬಡ್ಡಿ' ಏರಿಸುವಂತಿಲ್ಲ. ಆ ಶುಲ್ಕವನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಎಣಿಸುವಂತಿಲ್ಲ. ಎಷ್ಟು, ಯಾಕೆ ಎಂಬುದು ಕರಾರಿನಲ್ಲಿರಬೇಕು, ಹಾಕಿದಾಗ ತಿಳಿಸಲೂಬೇಕು. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಜಾರಿ. ಹಳೆಯ ಸಾಲಗಳನ್ನು ಅದೇ ಜೂನ್ 30ರೊಳಗೆ ಈ ಪದ್ಧತಿಗೆ ತರಬೇಕಿತ್ತು. ವಿಚಾರ ತೀರ ಹೊಸದೂ ಅಲ್ಲ. ದಂಡಬಡ್ಡಿಯನ್ನು ಅಸಲಿಗೆ ಸೇರಿಸಬಾರದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲೇ ಹೇಳಿತ್ತು.

ಆದರೆ ಇಲ್ಲೊಂದು ಎಚ್ಚರ ಬೇಕು. ಮಾಮೂಲಿ ಬಡ್ಡಿಯ ಚಕ್ರಬಡ್ಡಿಯನ್ನು ಸುತ್ತೋಲೆ ಮುಟ್ಟಿಲ್ಲ. ಹತ್ತು ಲಕ್ಷದ ಸಾಲ, ಶೇಕಡಾ 9, ಇಪ್ಪತ್ತು ವರ್ಷ ಅಂತ ಹಿಡೀರಿ. ಹಪ್ತೆ ಸುಮಾರು 8,997 ರೂಪಾಯಿ. ಮೊದಲ ತಿಂಗಳು ಅದರಲ್ಲಿ 7,500 ಬಡ್ಡಿ, ಉಳಿದ 1,497 ಅಸಲು. ಅದನ್ನು ಕಟ್ಟದಿದ್ದರೆ 7,500 ಸಾಲಕ್ಕೆ ಸೇರಿ, ಮುಂದಿನ ತಿಂಗಳ ಬಡ್ಡಿ 10,07,500ರ ಮೇಲೆ, ಅಂದರೆ ಸುಮಾರು 7,556 ಆಗುತ್ತದೆ. ಹೆಚ್ಚಾದ ಈ 56 ರೂಪಾಯಿಗೆ ಜಗಳ ತೆಗೆದರೆ ಸೋಲುವುದು ನಾವೇ. ಜಗಳ ಇರುವುದು ದಂಡದ ಸಾಲಿನಲ್ಲಿ. ಬರೇ 'ಶೇಕಡಾ 2' ಅಂತ ಬರೆದಿದ್ರ ವರ್ಷಕ್ಕೋ ತಿಂಗಳಿಗೋ ಕೇಳ್ರಿ: ವರ್ಷಕ್ಕಾದರೆ ಒಂದು ಹಪ್ತೆಗೆ ತಿಂಗಳಿಗೆ 15 ರೂಪಾಯಿ, ತಿಂಗಳಿಗಾದರೆ 180.

ನಮ್ಮ ಕಾಕಾನ ಖಾತೆಯಲ್ಲಿ ಆದದ್ದು ಇಷ್ಟು. ಬ್ಯಾಂಕಿನ ಹೆಸರು ಬೇಡ. 2024ರ ದೀಪಾವಳಿಯ ನಂತರವೂ ದಂಡ 'ಬಡ್ಡಿ' ಎಂಬ ಹೆಸರಲ್ಲೇ ಬೀಳುತ್ತಿತ್ತು, ಮುಂದಿನ ತಿಂಗಳು ಅದರ ಮೇಲೂ ಬಡ್ಡಿ. "ತಂಗಿ, ದೊಡ್ಡವರ ಲೆಕ್ಕ ತಪ್ಪಿರ್ತದೇನು?" ಅಂದರು ಕಾಕಾ. ಕೌಂಟರಿನಲ್ಲಿ ಕಂಪ್ಯೂಟರ್ ಹಾಕ್ತದ ಅಂದರು. ಪ್ರತಿ ಸಾಲಿನ ತಾರೀಖು, ಮೊತ್ತ, ಸುತ್ತೋಲೆಯ ತಾರೀಖು ಬರೆದು ಅರ್ಜಿ ಕೊಟ್ಟು, ಪೋಚ್ ತಗೊಂಡ್ವಿ. ದಂಡ ಮತ್ತು ಅದರ ಮೇಲಿನ ಬಡ್ಡಿ ವಾಪಸ್ ಜಮಾ ಆಯಿತು. ಮಾಮೂಲಿ ಬಡ್ಡಿ ಹಾಗೇ ಉಳಿಯಿತು. ಮೊತ್ತ ದೊಡ್ಡದಲ್ಲ. ಆದರೆ ಈಗ ಕಾಕಾ ಉತಾರೆಯನ್ನು ತಾವೇ ಬೆರಳಿಟ್ಟು ಓದ್ತಾರ.

ಹಿರಿಯರು ಇಂಥಲ್ಲಿ 'ದಾಮದುಪ್ಪಟ' ನೆನೆಸುತ್ತಾರೆ: ಬಡ್ಡಿ ಅಸಲನ್ನು ಮೀರಬಾರದು. ಧರ್ಮಶಾಸ್ತ್ರದ ಈ ನಿಯಮವನ್ನು ಮುಂಬೈ ಪ್ರಾಂತ್ಯದ ಕೋರ್ಟುಗಳೂ ಮನ್ನಿಸಿದ್ದವು. ಬ್ಯಾಂಕಿನ ಎದುರು ಅದನ್ನು ನೆಚ್ಚಲಾಗದು. ಬಡ್ಡಿ ವಿಪರೀತ ಎಂಬ ಒಂದೇ ಕಾರಣಕ್ಕೆ ಕೋರ್ಟು ಲೆಕ್ಕ ತೆರೆಯದಂತೆ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಕಲಂ ತಡೆಯುತ್ತದೆ. ಆದ್ದರಿಂದ 'ಬಡ್ಡಿ ಬಾಳ ಆತು' ಅನ್ನುವ ಅರ್ಜಿಗಿಂತ 'ಈ ಸಾಲು ನಿಯಮಕ್ಕೆ ವಿರುದ್ಧ' ಅನ್ನುವ ಅರ್ಜಿಗೆ ಬಲ ಹೆಚ್ಚು.

ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟದ್ದು ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಫೀ ಇಲ್ಲ. ಊರಿನ ಪತಸಂಸ್ಥೆಯ ಸಾಲಕ್ಕೆ ಮಾತ್ರ ಈ ದಾರಿ ಇಲ್ಲ, ಅವು ಸಹಕಾರ ಇಲಾಖೆಯ ಕೈಕೆಳಗಿನವು. ಪ್ರಶ್ನೆಗಳಿದ್ರ ಈಗ ಕೇಳಬಹುದು.