ಪ್ರಸವರಕ್ಷೆಯೂ ಶ್ರೋಣಿತಲದ ವ್ಯಾಯಾಮವೂ

ಹೆರಿಗೆಯ ಅನಂತರ ತಾಯಿಯ ಶರೀರವನ್ನು ಪೂರ್ವಸ್ಥಿತಿಗೆ ತರಲು ಮಾಡುವ ಉಪಚಾರಕ್ಕೆ ಕನ್ನಡನಾಡಿನಲ್ಲಿ ಬಾಣಂತನವೆಂದು ಹೆಸರು. ಕೇರಳದಲ್ಲಿ ಅದಕ್ಕೆ ಪ್ರಸವರಕ್ಷೆಯೆನ್ನುವರು. ಹೆಸರು ಬೇರೆಯಾದರೂ ಕ್ರಮ ಬಹುಮಟ್ಟಿಗೆ ಒಂದೇ. ಎಣ್ಣೆ, ಬಿಸಿನೀರು, ಹೊಟ್ಟೆಯ ಕಟ್ಟು, ಲೇಹ್ಯ, ವಿಶ್ರಾಂತಿ ಎಂಬ ಐದು ಅಂಗಗಳ ಮೇಲೆ ಎರಡೂ ನಿಂತಿವೆ. ಉದ್ಯೋಗನಿಮಿತ್ತ ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ನೆಲಸಿರುವ ಕನ್ನಡ ಕುಟುಂಬಗಳಲ್ಲಿ ಈ ಎರಡು ಸಂಪ್ರದಾಯಗಳೂ ಒಂದೇ ಕೋಣೆಯಲ್ಲಿ ಸಂಧಿಸುವುದುಂಟು. ಇಷ್ಟೊಂದು ಅಕ್ಕರೆಯಿಂದ ನಡೆಯುವ ಈ ಉಪಚಾರವು, ಹೆರಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೋಯುವ ಸ್ನಾಯುವನ್ನು ಮುಟ್ಟುತ್ತದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಕೇರಳದ ಪದ್ಧತಿಯನ್ನು ನೋಡಬಹುದು. ಅಲ್ಲಿನ ವೈದ್ಯಪರಂಪರೆಗೆ ವಾಗ್ಭಟನ ಅಷ್ಟಾಂಗಹೃದಯವೇ ಮುಖ್ಯ ಆಧಾರ. ಬಾಣಂತಿಗೆ ಧಾನ್ವಂತರ ತೈಲವನ್ನೋ ಕುಳಂಬನ್ನೋ ಪೂಸಿ, ಔಷಧೀಯ ಎಲೆಗಳನ್ನು ಕುದಿಸಿದ ನೀರಿನಿಂದ ಮೀಯಿಸುವರು; ಈ ಸ್ನಾನಕ್ಕೆ ವೇತುಕುಳಿಯೆಂದು ಹೆಸರು. ಮಿಂದ ಮೇಲೆ ಉದ್ದನೆಯ ಬಟ್ಟೆಯಿಂದ ಹೊಟ್ಟೆಯನ್ನು ಸುತ್ತಿ ಕಟ್ಟುವರು. ದಶಮೂಲಾರಿಷ್ಟ, ಜೀರಕಾರಿಷ್ಟ ಮೊದಲಾದವು ಸೇವನೆಗೆ ಬರುತ್ತವೆ. ಮನೆಯ ಅನುಕೂಲಕ್ಕೆ ತಕ್ಕಂತೆ ಇದು ೨೮, ೪೦, ೫೬ ಅಥವಾ ೯೦ ದಿನ ನಡೆಯುತ್ತದೆ. ಹೊಟ್ಟೆ ಕಟ್ಟುವ ವಿಧಿಯಂತೂ ಬಹು ಪ್ರಾಚೀನವಾದುದು. ಪ್ರಸವಾನಂತರ ತುಪ್ಪ ಎಣ್ಣೆಗಳನ್ನು ಸವರಿ ಉದರವನ್ನು ದೊಡ್ಡ ಬಟ್ಟೆಯಿಂದ ಸುತ್ತಬೇಕೆಂದು ಚರಕಸಂಹಿತೆಯ ಶಾರೀರಸ್ಥಾನದಲ್ಲಿಯೇ ವಿಧಿಸಿದೆ. ಈ ಉಪಚಾರದ ಗುಣವನ್ನು ಅಲ್ಲಗಳೆಯುವ ಕಾರಣವಿಲ್ಲ. ದುಡಿಯುವ ಹೆಣ್ಣಿಗೆ ಆಯುಷ್ಯದಲ್ಲಿ ಇಷ್ಟು ದಿನಗಳ ವಿಶ್ರಾಂತಿಯನ್ನು ಹಕ್ಕಾಗಿ ದೊರಕಿಸಿಕೊಟ್ಟ ಬೇರೆ ಆಚಾರ ನಮ್ಮಲ್ಲಿ ಇನ್ನೊಂದಿಲ್ಲ.

ಆದರೆ ಈ ಐದು ಅಂಗಗಳಲ್ಲಿ ಬಾಣಂತಿ ತಾನಾಗಿ ಮಾಡತಕ್ಕದ್ದು ಯಾವುದೂ ಇಲ್ಲ. ಪೂಸುವವರು, ಮೀಯಿಸುವವರು, ಕಟ್ಟುವವರು, ಉಣಿಸುವವರು ಬೇರೆಯವರು. ಆಕೆಯೇ ಮಾಡಬೇಕಾದ, ಆಕೆಯ ಹೊರತು ಬೇರೆ ಯಾರೂ ಮಾಡಲಾರದ ಒಂದು ಕೆಲಸ ಉಳಿದುಹೋಗಿದೆ. ಅದೇ ಶ್ರೋಣಿತಲದ ವ್ಯಾಯಾಮ.

ಶ್ರೋಣಿತಲವೆಂದರೇನು? ಸೊಂಟದ ಎಲುಬುಗಳು ತಳವಿಲ್ಲದ ಬೋಗುಣಿಯಂತಿವೆ. ಆ ಬೋಗುಣಿಗೆ ತಳವಾಗಿರುವುದು ಎಲುಬಲ್ಲ, ಸ್ನಾಯು. ಮುಂದಿನ ಜಘನಾಸ್ಥಿಯಿಂದ ಹಿಂದಿನ ಬಾಲದೆಲುಬಿನವರೆಗೆ ತೂಗುಮಂಚದಂತೆ ಹರಡಿರುವ ಈ ಸ್ನಾಯುಪಟಲವು ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಕೆಳಗಿನಿಂದ ಹೊತ್ತು ನಿಂತಿದೆ. ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ತಟ್ಟನೆ ಏರುತ್ತದೆ. ಆ ಕ್ಷಣದಲ್ಲಿ ಈ ಸ್ನಾಯು ತಾನಾಗಿಯೇ ಬಿಗಿದುಕೊಂಡು ಮೂತ್ರದ್ವಾರವನ್ನು ಮುಚ್ಚಿಡುತ್ತದೆ. ಮಗು ಹೊರಬರುವುದು ಇದೇ ಪಟಲದ ನಡುವಣ ತೆರಪಿನಿಂದ. ಆ ಹೊತ್ತಿನಲ್ಲಿ ಇದರ ಒಳ ಅಂಚಿನ ಭಾಗವು ತನ್ನ ಸಹಜ ಉದ್ದಕ್ಕಿಂತ ಮೂರು ಪಟ್ಟಿಗೂ ಮಿಗಿಲಾಗಿ ಹಿಗ್ಗುವುದೆಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ವಾಂಸರು ೨೦೦೪ರಲ್ಲಿ ಗಣಕಯಂತ್ರದ ಮಾದರಿಯಿಂದ ತೋರಿಸಿದರು. ಕೈಕಾಲಿನ ಯಾವ ಸ್ನಾಯುವೂ ಅಷ್ಟು ಹಿಗ್ಗಿ ಹರಿಯದೆ ಉಳಿಯಲಾರದು.

ಹೀಗೆ ಸಡಿಲಗೊಂಡ ಸ್ನಾಯು ಅನೇಕರಲ್ಲಿ ಕೆಲವು ತಿಂಗಳುಗಳಲ್ಲಿ ತಾನೇ ಚೇತರಿಸಿಕೊಳ್ಳುವುದು. ಕೆಲವರಲ್ಲಿ ಹಾಗಾಗುವುದಿಲ್ಲ. ನಕ್ಕರೆ, ಕೆಮ್ಮಿದರೆ ಮೂತ್ರದ ಹನಿ ಜಾರುವುದು ಮೊದಲ ಲಕ್ಷಣ. ಇದನ್ನು ಆಕೆ ಗಂಡನಿಗೆ ಹೇಳುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ತಾಯಿಗೆ ಹೇಳಿದರೆ, ಹೆತ್ತವರಿಗೆಲ್ಲ ಇದ್ದದ್ದೇ ಎಂಬ ಸಮಾಧಾನ ದೊರೆಯುತ್ತದೆ. ಆ ಸಮಾಧಾನವೇ ಅಪಾಯಕರವಾದುದು. ದೂರದ ಬಸ್ಸು ಪ್ರಯಾಣವನ್ನು ತಪ್ಪಿಸುವುದು, ಮದುವೆಮನೆಯಲ್ಲಿ ಮೂಲೆ ಹಿಡಿಯುವುದು, ನೀರು ಕುಡಿಯುವುದನ್ನೇ ಕಡಿಮೆ ಮಾಡುವುದು, ಹೀಗೆ ಒಂದು ಬಾಳು ಸದ್ದಿಲ್ಲದೆ ಕಿರಿದಾಗುತ್ತ ಹೋಗುತ್ತದೆ. ನಡುವಯಸ್ಸಿನಲ್ಲಿ ಗರ್ಭಕೋಶವೇ ಕೆಳಗಿಳಿಯುವ ಸಂಭವವೂ ಉಂಟು.

ಇದಕ್ಕೆ ಪರಿಹಾರವಾಗಿ ವ್ಯಾಯಾಮವನ್ನು ಸೂಚಿಸಿದವರಲ್ಲಿ ಮೊದಲಿಗರೊಬ್ಬಳು ಮಾರ್ಗರೆಟ್ ಮಾರಿಸ್ ಎಂಬ ಆಂಗ್ಲ ನರ್ತಕಿ. ೧೯೩೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬಾಣಂತಿಯರು ಈ ಸ್ನಾಯುವನ್ನು ಬಿಗಿಹಿಡಿದು ಸಡಿಲಿಸುವ ಕ್ರಮವನ್ನು ಆಕೆ ವಿವರಿಸಿದಳು. ಅಮೆರಿಕದ ಸ್ತ್ರೀರೋಗತಜ್ಞ ಆರ್ನಲ್ಡ್ ಕೀಗಲ್ ೧೯೪೮ರಲ್ಲಿ ಇದಕ್ಕೆ ಶಾಸ್ತ್ರೀಯ ರೂಪ ಕೊಟ್ಟು, ಸಂಕೋಚದ ಬಲವನ್ನು ಅಳೆಯುವ ಉಪಕರಣವೊಂದನ್ನು ಬಳಕೆಗೆ ತಂದನು. ಇಂದಿಗೂ ಈ ವ್ಯಾಯಾಮಕ್ಕೆ ಆತನ ಹೆಸರೇ ನಿಂತಿದೆ. ಭಾರತೀಯರಿಗೆ ಈ ಕ್ರಿಯೆ ಅಪರಿಚಿತವೇನಲ್ಲ. ಹಠಯೋಗಪ್ರದೀಪಿಕೆಯ ಮೂಲಬಂಧ, ಘೇರಂಡಸಂಹಿತೆಯ ಅಶ್ವಿನೀಮುದ್ರೆ ಎರಡೂ ಇದೇ ಪ್ರದೇಶದ ಸಂಕೋಚಗಳೇ. ಆದರೆ ಆ ಗ್ರಂಥಗಳ ಲಕ್ಷ್ಯ ಯೋಗಸಾಧಕನ ಸಿದ್ಧಿಯೇ ಹೊರತು ಬಾಣಂತಿಯ ಆರೋಗ್ಯವಲ್ಲ. ಸೂತಿಕಾಪರಿಚರ್ಯೆಯೂ ಯೋಗವೂ ಒಂದೇ ನಾಡಿನಲ್ಲಿ ಬೆಳೆದು ಈ ಒಂದು ಸ್ಥಳದಲ್ಲಿ ಕೂಡದೆ ಹೋದದ್ದು ವಿಚಿತ್ರವೇ ಸರಿ.

ವಿಧಾನವು ಸರಳವಾದುದು. ಮೂತ್ರವಿಸರ್ಜನೆ ಮಾಡಿ, ಮೊಣಕಾಲುಗಳನ್ನು ಮಡಿಸಿ ಅಂಗಾತ ಮಲಗಬೇಕು. ಅಪಾನವಾಯುವನ್ನೂ ಮೂತ್ರವನ್ನೂ ಒಮ್ಮೆಲೆ ತಡೆಯುವಂತೆ ಒಳಗಿನ ಸ್ನಾಯುವನ್ನು ಮೇಲಕ್ಕೆ ಸೆಳೆದುಕೊಳ್ಳಬೇಕು. ಉಸಿರು ಕಟ್ಟಬಾರದು, ತೊಡೆ, ಪಿರ್ರೆ, ಹೊಟ್ಟೆಗಳು ಬಿಗಿಯಬಾರದು. ಆರಂಭದಲ್ಲಿ ಎರಡು ಮೂರು ಎಣಿಸುವಷ್ಟು ಹೊತ್ತು ಹಿಡಿದರೆ ಸಾಕು. ಕ್ರಮೇಣ ಅದನ್ನು ೮ ಅಥವಾ ೧೦ ಎಣಿಕೆಗೆ ಏರಿಸಬಹುದು. ಹಿಡಿದಷ್ಟೇ ಹೊತ್ತು ಪೂರ್ತಿಯಾಗಿ ಸಡಿಲಿಸುವುದೂ ಅಗತ್ಯ. ಹೀಗೆ ಸಾರಿಗೆ ೮ರಿಂದ ೧೦ ಬಾರಿ, ದಿನಕ್ಕೆ ೩ ಸಾರಿ, ಕನಿಷ್ಠ ೩ ತಿಂಗಳು ನಡೆಸತಕ್ಕದ್ದು. ಕೆಮ್ಮುವ ಅಥವಾ ಮಗುವನ್ನು ಎತ್ತುವ ಮುನ್ನ ಒಮ್ಮೆ ಬಿಗಿಹಿಡಿಯುವ ರೂಢಿಯೂ ಪ್ರಯೋಜನಕರ. ಹರಿಯುವ ಮೂತ್ರವನ್ನು ಅರ್ಧಕ್ಕೆ ನಿಲ್ಲಿಸುವುದನ್ನು ಮಾತ್ರ ನಿತ್ಯಾಭ್ಯಾಸ ಮಾಡಿಕೊಳ್ಳಬಾರದು. ಸಹಜ ಹೆರಿಗೆಯಾದವರು ನೋವಿಲ್ಲದಿದ್ದರೆ ಮೊದಲ ಕೆಲವು ದಿನಗಳಲ್ಲಿಯೇ ಮೃದುವಾಗಿ ಆರಂಭಿಸಬಹುದು. ಮೂತ್ರನಳಿಕೆ ಇಟ್ಟಿದ್ದರೆ ಅದನ್ನು ತೆಗೆಯುವವರೆಗೆ ಕಾಯಬೇಕು. ಆಳವಾದ ಹರಿತವೋ ಹೊಲಿಗೆಯೋ ಇದ್ದಲ್ಲಿ ವೈದ್ಯರ ಮಾತೇ ಪ್ರಮಾಣ.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಹೊಟ್ಟೆಯ ಕಟ್ಟೇ ಈ ಕೆಲಸವನ್ನು ಮಾಡದೇ ಎಂಬುದು ಒಂದು. ಕಟ್ಟು ಸಡಿಲಾದ ಉದರಕ್ಕೆ ಆಸರೆ ಕೊಡುವುದು ನಿಜ. ಆದರೆ ಹೊರಗಿನ ಆಸರೆಯಿಂದ ಒಳಗಿನ ಸ್ನಾಯು ಬಲಗೊಳ್ಳದು. ಅತಿಯಾಗಿ ಬಿಗಿದರೆ ಒತ್ತಡವು ಕೆಳಮುಖವಾಗಿ, ನೊಂದ ತಳದ ಮೇಲೆಯೇ ಬೀಳಬಹುದು. ಬಾಣಂತಿಗೆ ನೀರು ಕಡಿಮೆ ಕೊಡುವ ಹಳೆಯ ರೂಢಿಯಿಂದ ಮಲಬದ್ಧತೆಯುಂಟಾಗಿ, ಮುಕ್ಕಿ ಮುಕ್ಕಿ ಅದೇ ತಳಕ್ಕೆ ಪೆಟ್ಟು ತಗಲುವುದೂ ಗಮನಾರ್ಹ. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದವರಿಗೆ ಇದೇಕೆ ಎಂಬುದು ಇನ್ನೊಂದು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕೇರಳದಲ್ಲಿ ನೂರಕ್ಕೆ ಸುಮಾರು ೩೯ ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದ ಆದವು. ಆದರೆ ಒಂಬತ್ತು ತಿಂಗಳ ಭಾರವನ್ನು ಈ ತಾಯಂದಿರ ಶ್ರೋಣಿತಲವೂ ಹೊತ್ತಿರುತ್ತದೆ. ಅಪಾಯ ಕಡಿಮೆ, ಇಲ್ಲವೆಂದಲ್ಲ.

ವ್ಯಾಯಾಮಕ್ಕೂ ಮಿತಿಯುಂಟು. ಎಲುಬಿನಿಂದ ಕಿತ್ತುಬಂದ ಸ್ನಾಯುವನ್ನು ಅದು ಮತ್ತೆ ಅಂಟಿಸಲಾರದು. ಬಸಿರಿನಲ್ಲಿಯೇ ಆರಂಭಿಸಿದವರಿಗೆ ಹೆಚ್ಚಿನ ರಕ್ಷಣೆ ದೊರೆಯುವುದೆಂಬುದಕ್ಕೆ ಪ್ರಮಾಣಗಳು ಬಲವಾಗಿವೆ. ಬರಿಯ ಮಾತಿನ ವಿವರಣೆಯಿಂದ ಹಲವರಿಗೆ ಸರಿಯಾದ ಸ್ನಾಯು ಸಿಕ್ಕುವುದಿಲ್ಲ. ಕೆಲವರು ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ಮುಕ್ಕುವರು. ಅಂಥವರಿಗೂ, ಮೂರು ತಿಂಗಳ ಮೇಲೂ ತೊಂದರೆ ನಿಲ್ಲದವರಿಗೂ, ಯೋನಿಯಲ್ಲಿ ಗಂಟು ಇಳಿದಂತಾಗುವವರಿಗೂ, ಮಲ ತಡೆಯಲಾಗದವರಿಗೂ ತಜ್ಞರ ನೆರವು ಬೇಕೇ ಬೇಕು.

ಹಾಗಾದರೆ ಇದನ್ನು ಕಲಿಸತಕ್ಕವರು ಯಾರು? ಅದೇ ಸಮೀಕ್ಷೆಯಂತೆ ಕೇರಳದಲ್ಲಿ ನೂರಕ್ಕೆ ೯೯ಕ್ಕೂ ಮಿಕ್ಕ ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. ಆದರೆ ತಾಯಿ ಅಲ್ಲಿರುವುದು ಕೆಲವೇ ದಿನ, ಚೇತರಿಕೆಯೆಲ್ಲ ಮನೆಯಲ್ಲಿ. ಆದುದರಿಂದ ಮನೆಗೆ ಬರುವವರೇ ಕಲಿಸಬೇಕು. ಇದಕ್ಕೆ ತಿರುವನಂತಪುರದಲ್ಲಿಯೇ ಒಂದು ಪೂರ್ವನಿದರ್ಶನ ಉಂಟು. ೧೯೧೬ರಲ್ಲಿ ಇಂಗ್ಲೆಂಡಿನಿಂದ ಮರಳಿ ತೈಕ್ಕಾಡಿನ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯನ್ನು ಸೇರಿದ ಡಾ. ಮೇರಿ ಪುನ್ನನ್ ಲೂಕೋಸ್, ಮುಂದೆ ೧೯೩೮ರಲ್ಲಿ ತಿರುವಾಂಕೂರಿನ ಸರ್ಜನ್ ಜನರಲ್ ಆದವರು. ಊರಿನ ಸೂಲಗಿತ್ತಿಯರನ್ನು ಹಗೆಗಳಂತೆ ಕಾಣದೆ, ಅವರ ಮಕ್ಕಳನ್ನೇ ಕರೆದು ಪ್ರಸೂತಿವಿದ್ಯೆಯ ಶಿಕ್ಷಣ ಕೊಡಿಸಿ, ಆ ಮನೆತನಗಳ ವಿಶ್ವಾಸವನ್ನು ಅವರು ಗಳಿಸಿಕೊಂಡರು. ಹೊಸ ವಿದ್ಯೆ ಹಳೆಯ ಬಾಗಿಲಿನಿಂದಲೇ ಒಳಹೊಕ್ಕಿತು.

ಇಂದೂ ಆ ಬಾಗಿಲು ತೆರೆದೇ ಇದೆ. ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವನ್ನು ಆಶಾ ಕಾರ್ಯಕರ್ತೆಯು ೩, ೭, ೧೪, ೨೧, ೨೮, ೪೨ನೆಯ ದಿನಗಳಲ್ಲಿ ಮನೆಗೆ ಬಂದು ನೋಡಬೇಕೆಂಬ ನಿಯಮವಿದೆ; ಪ್ರಸವರಕ್ಷೆಯ ಹೆಂಗಸಂತೂ ದಿನದಿನವೂ ಬರುತ್ತಾಳೆ. ಎಣ್ಣೆ ಪೂಸುವ ಆ ಗಳಿಗೆಯಲ್ಲಿ ಆಕೆ ತಾಯಿಗೆ ಹತ್ತು ಬಾರಿ ಎಣಿಸಲು ಹೇಳಿದರೆ ಒಂದು ಕಾಸಿನ ಖರ್ಚೂ ಇಲ್ಲ. ಕೊಚ್ಚಿಯ ಕನ್ನಡತಿಗೂ ಕಾಸರಗೋಡಿನ ಬಾಣಂತಿಗೂ ಇದು ಸಮಾನವಾಗಿ ಸಲ್ಲುವ ಮಾತು. ಐದು ಅಂಗಗಳ ಬಾಣಂತನಕ್ಕೆ ಆರನೆಯದಾಗಿ ಇದೊಂದನ್ನು ಸೇರಿಸುವುದರಿಂದ ಸಂಪ್ರದಾಯಕ್ಕೆ ಲೋಪವಿಲ್ಲ. ಸೇರಿಸದಿರುವುದರ ಬೆಲೆಯನ್ನು ತಾಯಂದಿರು ಮಾತಿಲ್ಲದೆ ತೆರುತ್ತಿದ್ದಾರೆ.