ತಲೆಸುತ್ತು, ಮರೆವು: ವಯಸ್ಸನ್ನೇ ದೂರಬೇಡಿ

‘ಎದ್ದು ನಿಂತರೆ ತಲೆ ಸುತ್ತುತ್ತದೆ ಡಾಕ್ಟ್ರೇ, ಒಲೆಯ ಮೇಲೆ ಹಾಲಿಟ್ಟದ್ದೂ ನೆನಪಿರುವುದಿಲ್ಲ. ವಯಸ್ಸಾಯಿತಲ್ಲ!’ 45 ದಾಟಿದ ಹಲವರ ದೂರು ಇದು. ಆದರೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದು ಸರಿಯಲ್ಲ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೆಲವು ಕ್ಷಣ ಕೋಣೆಯೇ ಗಿರ್ರನೆ ತಿರುಗಿದಂತಾದರೆ ತೊಂದರೆ ಒಳಕಿವಿಯದಿರಬಹುದು. ಎದ್ದು ನಿಂತೊಡನೆ ಕಣ್ಣು ಕತ್ತಲಿಟ್ಟರೆ ರಕ್ತದೊತ್ತಡ ಇಳಿದಿರಬಹುದು, ಬಿ.ಪಿ. ಮಾತ್ರೆಯೂ ಇದಕ್ಕೆ ಕಾರಣವಾಗುವುದುಂಟು. ಮರೆವಿನೊಂದಿಗೆ ಮಲಬದ್ಧತೆ, ಚಳಿ ತಡೆಯದಿರುವುದು, ತೂಕ ಏರುವುದು ಕಂಡರೆ ಥೈರಾಯ್ಡ್ ಪರೀಕ್ಷೆ ಆಗಬೇಕು. ನಿದ್ದೆಗೇಡು, ಖಿನ್ನತೆಗಳಿಂದಲೂ ನೆನಪು ಮಂಕಾಗುತ್ತದೆ.

ತಲೆಸುತ್ತು, ಮರೆವು ಎರಡೂ ಇದ್ದು, ಪಾದಗಳು ಜೋಮು ಹಿಡಿಯುತ್ತಿದ್ದರೆ ಬಿ-12 ಜೀವಸತ್ವದ ಕೊರತೆ ಇದೆಯೇ ಎಂದು ನೋಡಲೇಬೇಕು. ರಕ್ತಕ್ಕೂ ನರಗಳಿಗೂ ಅಗತ್ಯವಾದ ಇದು ಸೊಪ್ಪು, ಬೇಳೆಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಹುಳಿತೇಗಿಗೆ ಒಮೆಪ್ರಜೋಲ್ ವರ್ಷಗಟ್ಟಲೆ ನುಂಗುವವರಲ್ಲಿ ಈ ಕೊರತೆ ಹೆಚ್ಚು. ಹಾಗೆಂದು ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ರಕ್ತಹೀನತೆಯೆಂದು ಫೋಲಿಕ್ ಆಮ್ಲದ ಮಾತ್ರೆಯನ್ನಷ್ಟೇ ತೆಗೆದುಕೊಂಡರೆ ರಕ್ತ ಸುಧಾರಿಸಿದರೂ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಕೊರತೆಯನ್ನು ರಕ್ತಪರೀಕ್ಷೆಯಿಂದ ಪತ್ತೆಹಚ್ಚಬಹುದು. ಬೇಗ ಗೊತ್ತಾದರೆ ಇಂಜೆಕ್ಷನ್ ಅಥವಾ ಮಾತ್ರೆಯಿಂದ ಗುಣ ಕಾಣುತ್ತದೆ. ತಡವಾದರೆ ನರಗಳು ಪೂರ್ತಿ ಚೇತರಿಸಿಕೊಳ್ಳದೆ ಉಳಿಯಬಹುದು.

ಕೊನೆಗೊಂದು ಎಚ್ಚರಿಕೆ. ತಲೆಸುತ್ತಿನ ಜೊತೆ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ಬೆಳಗಾಗಲೆಂದು ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ.